ಬೆಳವಣಿಗೆಗೊಂದು ಕಡಿವಾಣ

ಬೆಳೆಯುವುದು ಜೀವಿಯ ಲಕ್ಷಣವೆಂದು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದು ತಕ್ಕ ಕಡೆ ನಿಲ್ಲುವುದೂ ಅಷ್ಟೇ ಮುಖ್ಯವೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಮ್ಮ ಬಲಗಿವಿಯು ಎಡಗಿವಿಯಷ್ಟೇ ಬೆಳೆದು ನಿಂತಿದೆ. ಕುಡುಗೋಲು ತಗಲಿ ಬೆರಳು ಕೊಯ್ದರೆ ಗಾಯದ ಅಂಚಿನ ಚರ್ಮ ಬೆಳೆಯತೊಡಗುತ್ತದೆ; ಎರಡು ಅಂಚುಗಳೂ ಕೂಡಿದೊಡನೆ ಸುಮ್ಮನಾಗುತ್ತದೆ. ನಮ್ಮ ಹಾಸನ ಸೀಮೆಯಲ್ಲಿ ಮುಂಗಾರಿನ ಬಿತ್ತನೆಗೆಂದು ಆಲೂಗೆಡ್ಡೆಯನ್ನು ಒಂದೊಂದು ಹೋಳಿಗೂ ಕಣ್ಣು ಬರುವಂತೆ ಕೊಯ್ದು, ಒಂದೆರಡು ದಿನ ನೆರಳಿನಲ್ಲಿ ಹರಡುವುದನ್ನು ಕಟ್ಟಾಯ ಹೋಬಳಿಯ ಮಕ್ಕಳೆಲ್ಲರೂ ಕಂಡಿದ್ದಾರೆ. ಕೊಯ್ದ ಮುಖದಲ್ಲಿ ಬೆಂಡಿನಂತಹ ಒಂದು ತೆಳುಪೊರೆ ಕಟ್ಟುತ್ತದೆ. ಪೊರೆ ಕಟ್ಟಿದ ಮೇಲೆ ಅಲ್ಲಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಈ ‘ಸಾಕು’ ಎಂಬ ಅಪ್ಪಣೆಯನ್ನು ಕೊಡುವುದು ಯಾವುದು? ಅದು ಬಾಯಿ ಮುಚ್ಚಿದರೆ ಆಗುವ ಅನಾಹುತವೇನು? ಈ ಎರಡು ಪ್ರಶ್ನೆಗಳಿಗೆ ವಿಜ್ಞಾನವು ಮನುಷ್ಯ ಶರೀರದಲ್ಲಿ ಕಂಡುಕೊಂಡಿರುವ ಒಂದು ಉತ್ತರವನ್ನು, ಅದರಲ್ಲಿ ಕರ್ನಾಟಕಕ್ಕೆ ಸೇರಿದ ಪಾಲನ್ನೂ ಕೂಡಿಸಿ, ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ ನನ್ನ ಐಚ್ಛಿಕ ವಿಷಯ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವಂಶವಾಹಿಯ ಮಾತೇಕೆಂದು ಕೆಲವರು ಕೇಳಬಹುದು. ರೋಗವು ವಿಜ್ಞಾನ ವಿಭಾಗ, ಕಲಾ ವಿಭಾಗವೆಂದು ನೋಡಿ ಬರುವುದಿಲ್ಲ. ಅಲ್ಲದೆ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕೇರಿಯಲ್ಲಿ ಯಾರಾದರೂ ಆಸ್ಪತ್ರೆಯಿಂದ ಚೀಟಿ ತಂದರೆ ಓದಿ ಹೇಳೆಂದು ನನ್ನ ಕೈಗೆ ಕೊಡುತ್ತಾರೆ. ಓದಿ ಹೇಳುವವನು ಅರ್ಥ ತಿಳಿದು ಹೇಳಬೇಕಲ್ಲವೆ?

ಜೀವಕೋಶ ಮತ್ತು ಅದರ ಹೊತ್ತಿಗೆ

ಪ್ರಾಯಕ್ಕೆ ಬಂದ ಮನುಷ್ಯನ ಶರೀರದಲ್ಲಿ ಸುಮಾರು ಮೂವತ್ತು ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಅಂದಾಜು. ಇವೆಲ್ಲವೂ ಒಂದೇ ಒಂದು ಕೋಶದಿಂದ ಹುಟ್ಟಿದವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಗುಂಪುಗೂಡಿ, ಒಂದು ಗುಂಪು ಚರ್ಮವಾಗಿ, ಇನ್ನೊಂದು ಸ್ನಾಯುವಾಗಿ, ಮತ್ತೊಂದು ಮೆದುಳಾಗಿ ರೂಪುಗೊಳ್ಳುತ್ತದೆ. ಹೀಗೆ ಒಂದೇ ಕೆಲಸಕ್ಕಾಗಿ ಕೂಡಿಕೊಂಡ ಕೋಶಗಳ ಸಮೂಹವನ್ನು ಅಂಗಾಂಶವೆನ್ನುತ್ತಾರೆ. ಒಂದೊಂದು ಕೋಶದೊಳಗೂ ಇಡೀ ಶರೀರವನ್ನು ಕಟ್ಟುವ ವಿಧಾನವನ್ನು ಬರೆದಿಟ್ಟ ಹೊತ್ತಿಗೆಯೊಂದಿದೆ ಎಂದು ಭಾವಿಸೋಣ. ಆ ಹೊತ್ತಿಗೆಯ ಒಂದೊಂದು ಅಪ್ಪಣೆಯೇ ಒಂದು ವಂಶವಾಹಿ. ಜೀನು ಎಂದು ಕರೆಯುವುದೂ ಇದನ್ನೇ. ಹೆಚ್ಚುಕಡಿಮೆ ಪ್ರತಿಯೊಂದು ಅಪ್ಪಣೆಗೂ ಎರಡು ಪ್ರತಿಗಳಿರುತ್ತವೆ: ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು.

ಈ ಅಪ್ಪಣೆಗಳಲ್ಲಿ ಕೆಲವು ‘ಬೆಳೆ’ ಎನ್ನುತ್ತವೆ. ಕೆಲವು ‘ನಿಲ್ಲು’ ಎನ್ನುತ್ತವೆ. ಇನ್ನು ಕೆಲವು ‘ನಿನ್ನ ಕೆಲಸ ಮುಗಿಯಿತು, ಅಳಿದು ಹೋಗು’ ಎಂದೂ ಹೇಳುತ್ತವೆ. ತಾಯಿಯ ಗರ್ಭದಲ್ಲಿ ಶಿಶುವಿನ ಕೈ ಮೊದಲು ಬೆರಳುಗಳಿಲ್ಲದ ಚಪ್ಪಟೆ ಹಲಗೆಯಂತಿರುತ್ತದೆ. ಬೆರಳುಗಳ ನಡುವಣ ಕೋಶಗಳು ಅಪ್ಪಣೆಯಂತೆ ಅಳಿದು ಹೋಗುವುದರಿಂದಲೇ ಐದು ಬೆರಳುಗಳು ಬೇರೆಬೇರೆಯಾಗುತ್ತವೆ. ಇಲಿಯ ಪಿತ್ತಜನಕಾಂಗದ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಉಳಿದ ಪಾಲು ಒಂದೆರಡು ವಾರಗಳಲ್ಲಿ ಮೊದಲಿನ ತೂಕಕ್ಕೆ ಬೆಳೆದು, ಅಲ್ಲಿಗೆ ನಿಲ್ಲುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮವರ ಗಾದೆಯನ್ನು ಶರೀರವು ಅಕ್ಷರಶಃ ಪಾಲಿಸುತ್ತಿದೆ.

‘ನಿಲ್ಲು’ ಎಂಬ ಅಪ್ಪಣೆ ಕೇಳಿಸದಾದಾಗ ಹುಟ್ಟುವುದೇ ಗಂತಿ. ಗಂತಿಯೆಲ್ಲವೂ ಕೆಟ್ಟದ್ದಲ್ಲ, ಕೆಲವು ಇದ್ದಲ್ಲಿಯೇ ಇದ್ದುಬಿಡುತ್ತವೆ. ಎಲ್ಲೆಯನ್ನು ದಾಟಿ, ನೆರೆಯ ಅಂಗಾಂಶಕ್ಕೆ ನುಗ್ಗಿ, ರಕ್ತದ ಜಾಡು ಹಿಡಿದು ದೂರದ ಅಂಗಗಳಲ್ಲಿಯೂ ಬೀಡುಬಿಡುವ ಗಂತಿಯನ್ನು ಕ್ಯಾನ್ಸರ್ ಎನ್ನುತ್ತೇವೆ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಏಡಿಯೆಂದೇ ಅರ್ಥ. ಕನ್ನಡದಲ್ಲಿ ಏಡಿಗಂತಿಯೆಂದೂ ಅರ್ಬುದವೆಂದೂ ಹೇಳುವುದುಂಟು. ಅರ್ಬುದವೆಂಬ ಹೆಸರು ಸುಶ್ರುತ ಸಂಹಿತೆಯಷ್ಟು ಹಳೆಯದು.

ಗೆಡ್ಡೆಯ ಹೆಸರಿನ ವಂಶವಾಹಿ

‘ನಿಲ್ಲು’ ಎನ್ನುವ ವಂಶವಾಹಿಗಳು ಹಲವಾರಿವೆ. ಅವುಗಳಲ್ಲಿ ಒಂದು ಜೋಡಿಯನ್ನು ಮಾತ್ರ ಇಲ್ಲಿ ತೆಗೆದುಕೊಳ್ಳುತ್ತೇನೆ: ಟಿ.ಎಸ್.ಸಿ. ಒಂದು ಮತ್ತು ಟಿ.ಎಸ್.ಸಿ. ಎರಡು. ಈ ಹೆಸರು ಬಂದ ಬಗೆಯೇ ಒಂದು ಚರಿತ್ರೆ.

1880ರಲ್ಲಿ ಪ್ಯಾರಿಸ್ ನಗರದ ಬೂರ್ನವೀಲ್ ಎಂಬ ವೈದ್ಯನು ಎಳವೆಯಿಂದಲೂ ಮೂರ್ಛೆರೋಗದಿಂದ ನರಳಿ ತೀರಿಕೊಂಡ ಹದಿನೈದು ವರ್ಷದ ಹುಡುಗಿಯೊಬ್ಬಳ ಮೆದುಳನ್ನು ಪರೀಕ್ಷಿಸಿ ವರದಿ ಬರೆದನು. ಆ ಮೆದುಳಿನ ಮಡಿಕೆಗಳಲ್ಲಿ ಅಲ್ಲಲ್ಲಿ ಗೆಡ್ಡೆಯಂತೆ ಉಬ್ಬಿದ ಗಡಸು ಭಾಗಗಳಿದ್ದವು. ಗೆಡ್ಡೆ, ಉಬ್ಬು ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ರೋಗಕ್ಕೆ ಟ್ಯೂಬರಸ್ ಸ್ಕ್ಲೀರೋಸಿಸ್, ಎಂದರೆ ಗೆಡ್ಡೆಗಟ್ಟಿದ ಗಡಸುತನ, ಎಂಬ ಹೆಸರು ನಿಂತಿತು. ಸುಮಾರು ಆರು ಸಾವಿರ ಶಿಶುಗಳಲ್ಲಿ ಒಂದು ಈ ತೊಂದರೆಯೊಡನೆ ಹುಟ್ಟುತ್ತದೆಯೆಂದು ಲೆಕ್ಕ. ಮೈಮೇಲೆ ಬಿಳುಪಾದ ಮಚ್ಚೆಗಳು, ಎಳೆಯ ವಯಸ್ಸಿನಲ್ಲಿ ಮೂರ್ಛೆ, ಮೆದುಳು, ಹೃದಯ, ಮೂತ್ರಪಿಂಡ, ಚರ್ಮಗಳಲ್ಲಿ ಗಂತಿಗಳು ಇದರ ಲಕ್ಷಣ. ಈ ಗಂತಿಗಳು ಬಹುಮಟ್ಟಿಗೆ ಏಡಿಗಂತಿಗಳಲ್ಲ. ಆದರೆ ಬೆಳೆಯುವಾಗಲೇ ಅಂಗಾಂಶವು ತನ್ನ ಅಳತೆಯನ್ನು ತಪ್ಪಿದರೆ ಏನಾಗುವುದೆಂಬುದಕ್ಕೆ ಅವು ಕಣ್ಣಿಗೆ ಕಾಣುವ ಸಾಕ್ಷಿ.

ಕಾರಣವು ಬಹುಕಾಲ ಗೊತ್ತಾಗಲಿಲ್ಲ. ದಾರಿಯನ್ನು ತೋರಿಸಿದ್ದು ಬೇರೊಂದು ರೋಗ. 1971ರಲ್ಲಿ ಅಮೆರಿಕದ ಆಲ್ಫ್ರೆಡ್ ನಡ್ಸನ್ ಎಂಬ ವೈದ್ಯವಿಜ್ಞಾನಿಯು ಮಕ್ಕಳ ಕಣ್ಣಿನಲ್ಲಿ ಬರುವ ಏಡಿಗಂತಿಯ 48 ಪ್ರಕರಣಗಳನ್ನು ಲೆಕ್ಕ ಹಾಕಿ ನೋಡಿ, ಎರಡು ಪೆಟ್ಟುಗಳ ಸಿದ್ಧಾಂತವನ್ನು ಮಂಡಿಸಿದನು. ಉಗ್ರಾಣದ ಬಾಗಿಲಿಗೆ ಎರಡು ಬೀಗಗಳಿವೆಯೆನ್ನೋಣ. ಒಂದು ಬೀಗ ಮುರಿದರೂ ಬಾಗಿಲು ತೆರೆಯದು. ಎರಡೂ ಮುರಿದರೆ ಮಾತ್ರ ತೆರೆಯುತ್ತದೆ. ಹಾಗೆಯೇ ತಡೆಯುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಕೆಲವರು ಒಂದು ಬೀಗ ಮುರಿದೇ ಹುಟ್ಟುತ್ತಾರೆ. ಅವರಿಗೆ ರೋಗ ಬೇಗ ಬರುತ್ತದೆ. ಉಳಿದವರಿಗೆ ಎರಡು ಪೆಟ್ಟುಗಳೂ ಬದುಕಿನ ದಾರಿಯಲ್ಲಿಯೇ ಬೀಳಬೇಕು.

ಈ ಬೆಳಕಿನಲ್ಲಿ ಹುಡುಕಿದ ವಿಜ್ಞಾನಿಗಳಿಗೆ 1993ರಲ್ಲಿ ಹದಿನಾರನೆಯ ವರ್ಣತಂತುವಿನ ಮೇಲೆ ಟಿ.ಎಸ್.ಸಿ. ಎರಡೂ, 1997ರಲ್ಲಿ ಒಂಬತ್ತನೆಯ ವರ್ಣತಂತುವಿನ ಮೇಲೆ ಟಿ.ಎಸ್.ಸಿ. ಒಂದೂ ಸಿಕ್ಕಿದವು. ಇವುಗಳ ಅಪ್ಪಣೆಯಂತೆ ತಯಾರಾಗುವ ಪ್ರೋಟೀನುಗಳಿಗೆ ಟ್ಯೂಬೆರಿನ್ ಮತ್ತು ಹಮಾರ್ಟಿನ್ ಎಂದು ಹೆಸರು. ಎರಡೂ ಜೊತೆಗೂಡಿಯೇ ಕೆಲಸ ಮಾಡುತ್ತವೆ. ಅವುಗಳ ಕೆಲಸವನ್ನು ಹೀಗೆ ತಿಳಿಯಬಹುದು. ಕೋಶದೊಳಗೆ ಎಂ-ಟಾರ್ ಎಂಬ ಮೇಸ್ತ್ರಿಯೊಬ್ಬನಿದ್ದಾನೆ. ಆಹಾರ ಬಂದಿದೆ, ಶಕ್ತಿ ಇದೆ ಎಂಬ ಸುದ್ದಿ ಮುಟ್ಟಿದೊಡನೆ ಅವನು ‘ಕಟ್ಟಿರಿ, ಬೆಳೆಸಿರಿ’ ಎಂದು ಕೂಗುತ್ತಾನೆ. ಟಿ.ಎಸ್.ಸಿ. ಜೋಡಿಯು ಅವನ ಮೇಲಿನ ಯಜಮಾನ. ಸಾಮಗ್ರಿ ಸಾಲದಾಗ, ಬೆಳವಣಿಗೆ ಬೇಡವಾದಾಗ ಮೇಸ್ತ್ರಿಯ ಬಾಯಿ ಮುಚ್ಚಿಸುವುದು ಇದರ ಅಧಿಕಾರ. 2001ರಲ್ಲಿ ಹಣ್ಣುನೊಣಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಜೋಡಿಯನ್ನು ಕಳೆದುಕೊಂಡ ಕೋಶಗಳು ಮಾಮೂಲಿಗಿಂತ ದೊಡ್ಡದಾಗಿ ಬೆಳೆದುವು. ಯಜಮಾನನಿಲ್ಲದ ಮನೆಯಲ್ಲಿ ಮೇಸ್ತ್ರಿಯದೇ ರಾಜ್ಯವಾಯಿತು.

ಬಾಯಿಯ ಏಡಿಗಂತಿ ಮತ್ತು ಕರ್ನಾಟಕದ ಶೋಧನೆ

ಹುಟ್ಟಿನಿಂದ ಬರುವ ಅಪರೂಪದ ರೋಗವೊಂದರ ವಂಶವಾಹಿಗೂ ನಮ್ಮ ಹಳ್ಳಿಗಳಲ್ಲಿ ಕಾಣುವ ಬಾಯಿಯ ಏಡಿಗಂತಿಗೂ ಸಂಬಂಧವಿದೆಯೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನಮ್ಮ ರಾಜ್ಯದಲ್ಲಿಯೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅರುಣ್ ಕುಮಾರ್ ಅವರೂ ಅವರ ಸಹೋದ್ಯೋಗಿಗಳೂ ಬಾಯಿಯ ಏಡಿಗಂತಿಯಲ್ಲಿ ಟಿ.ಎಸ್.ಸಿ. ವಂಶವಾಹಿಗಳ ಪಾತ್ರವನ್ನು ಕುರಿತು ನಡೆಸಿದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ರೋಗಿಗಳ ಗಂತಿಯಲ್ಲಿ ಈ ವಂಶವಾಹಿಗಳ ಕೆಲಸವು ಆರೋಗ್ಯವಾದ ಅಂಗಾಂಶದಲ್ಲಿ ಇರುವುದಕ್ಕಿಂತ ಕುಗ್ಗಿದ್ದುದು ಅವರಿಗೆ ಕಂಡುಬಂದಿತು. ಅದಕ್ಕೆ ಒಂದು ಮುಖ್ಯ ಕಾರಣವನ್ನೂ ಅವರು ಸೂಚಿಸಿದರು. ಟಿ.ಎಸ್.ಸಿ. ಎರಡರ ಆರಂಭದ ಭಾಗದಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಬಂದು ಕುಳಿತಿದ್ದವು. ಅಪ್ಪಣೆಯ ಅಕ್ಷರ ಅಳಿಸಿಯೇ ಹೋಗಬೇಕೆಂದಿಲ್ಲ. ಆ ಪುಟದ ಮೇಲೆ ಅಂಟು ಬಳಿದು ಓದಲಾಗದಂತೆ ಮಾಡಿದರೂ ಪರಿಣಾಮ ಒಂದೇ. ಎಳೆಯ ಮೆದುಳಿನಲ್ಲಿ ಗೆಡ್ಡೆ ಕಟ್ಟಿಸಿದ ಅದೇ ಕೊರತೆಯು ಮುದಿಬಾಯಿಯ ಹುಣ್ಣಿನಲ್ಲಿಯೂ ಕೈ ಹಾಕಿತ್ತು.

ಒಂದೇ ವಂಶವಾಹಿಯಿಂದ ಏಡಿಗಂತಿ ಬರುತ್ತದೆಂದು ಯಾರೂ ಭಾವಿಸಬಾರದು. ಪಿ-53 ಎಂಬ ಇನ್ನೊಂದು ಕಾವಲುಗಾರ ವಂಶವಾಹಿಯು ಮನುಷ್ಯರ ಏಡಿಗಂತಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುತ್ತದೆ. ಹಲವು ಬೀಗಗಳು ಒಂದಾದ ಮೇಲೊಂದು ಮುರಿಯುವುದಕ್ಕೆ ಹತ್ತಾರು ವರ್ಷಗಳೇ ಬೇಕಾಗುವುದರಿಂದ ಇದು ಹೆಚ್ಚಾಗಿ ವಯಸ್ಸಾದವರಿಗೆ ಬರುತ್ತದೆ.

ಆ ಬೀಗಗಳನ್ನು ಮುರಿಯುವ ಸುತ್ತಿಗೆ ಯಾವುದು? ಬಾಯಿಯ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೀನ್ ಮೊದಲಾದ ವಸ್ತುಗಳು ಕೋಶದ ಹೊತ್ತಿಗೆಯನ್ನು ನೇರವಾಗಿ ಕೆಡಿಸುತ್ತವೆ. ಹೊಗೆಸೊಪ್ಪು ಬೆರೆಸದ ಬರಿಯ ಅಡಿಕೆಯೂ ಏಡಿಗಂತಿಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. 2016–17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ನಮ್ಮ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಕಡ್ಡಿಪುಡಿಯ ಚೀಟಿ ಅಂಗಡಿಯ ಮುಂದೆ ತೂಗುವುದು ತಪ್ಪಿಲ್ಲ. ನಮ್ಮ ನೆರೆಯ ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿವೆ. ರಾಮನಾಥಪುರದಲ್ಲಿ ಅದರ ಹರಾಜು ಕಟ್ಟೆಯಿದೆ. ಆ ಸೊಪ್ಪು ಹೆಚ್ಚಾಗಿ ಸಿಗರೇಟಿಗೆ ಹೋಗುವಂಥದು. ಅದನ್ನು ಬೆಳೆದು ಸಾಲ ತೀರಿಸುವ ರೈತನನ್ನು ದೂರುವುದು ನನ್ನ ಉದ್ದೇಶವಲ್ಲ; ಅವನ ಮಕ್ಕಳೂ ನಮ್ಮ ಸಹಪಾಠಿಗಳೇ. ಬೆಳೆಯು ಹೊಲದಲ್ಲಿ ಕೊಡುವುದೇನು, ಬಾಯಿಯಲ್ಲಿ ಕಿತ್ತುಕೊಳ್ಳುವುದೇನು ಎಂಬ ಲೆಕ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಒಮ್ಮೆ ಹಾಕಿ ನೋಡಬೇಕೆಂದಷ್ಟೇ ಕೋರುತ್ತೇನೆ.

ಪಾಪವಲ್ಲ, ಗುರಿ ತಪ್ಪಿದ್ದು

ನಮ್ಮ ಕೇರಿಯಲ್ಲಿ ಒಬ್ಬ ಅಜ್ಜಿಯಿದ್ದರು. ಮೂರು ಹೊತ್ತೂ ಎಲೆಅಡಿಕೆ, ಕಡ್ಡಿಪುಡಿ. ಕೆನ್ನೆಯ ಒಳಗೆ ಹುಣ್ಣಾದಾಗ ಸೆರಗು ಮುಚ್ಚಿಕೊಂಡೇ ತಿಂಗಳುಗಟ್ಟಲೆ ಓಡಾಡಿದರು. ಸಂಗತಿ ಹೊರಬಿದ್ದ ಮೇಲೆ ಅವರ ತಟ್ಟೆ ಲೋಟಗಳು ಬೇರೆಯಾದುವು. ಮೊಮ್ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಯಾವ ಜನ್ಮದ ಪಾಪವೋ ಎಂದು ಬಂದವರೆಲ್ಲ ಹೇಳಿ ಹೋದರು. ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ಗಂತಿಯು ಕುತ್ತಿಗೆಗೆ ಇಳಿದಿತ್ತು. ಅವರು ತೀರಿಕೊಂಡದ್ದು ಏಡಿಗಂತಿಯಿಂದ ಎಂಬುದು ನಿಜ. ಆದರೆ ಕೊನೆಯ ಆರು ತಿಂಗಳು ಅವರು ಒಬ್ಬಂಟಿಯಾಗಿ ಕುಳಿತು ಉಂಡದ್ದು ನಮ್ಮೆಲ್ಲರ ಅಜ್ಞಾನದಿಂದ.

ಮೇಲೆ ಹೇಳಿದ ವಿಜ್ಞಾನವನ್ನು ತಿಳಿದವನಿಗೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ. ಬಾಯಿಯ ಏಡಿಗಂತಿಯು ಅಂಟುರೋಗವಲ್ಲ. ರೋಗಿಯ ಸ್ವಂತ ಕೋಶಗಳೊಳಗೆ ಅಪ್ಪಣೆ ಕೆಟ್ಟದ್ದರಿಂದ ಬಂದದ್ದು ತಟ್ಟೆಯಿಂದ ಇನ್ನೊಬ್ಬರ ಬಾಯಿಗೆ ಹೋಗಲಾರದು. ಇನ್ನು ಪಾಪದ ಮಾತು. ಇಂಗ್ಲಿಷ್ ಸಾಹಿತ್ಯವನ್ನು ಓದುವ ಮಿತ್ರರಿಗೆ ಹಮಾರ್ಟಿನ್ ಎಂಬ ಹೆಸರು ಕೇಳಿದೊಡನೆ ಅರಿಸ್ಟಾಟಲನ ಹಮಾರ್ಟಿಯಾ ನೆನಪಾಗಿರಬಹುದು. ಅದು ಸರಿಯೇ, ಅಂಗಾಂಶದ ಬೆಳವಣಿಗೆ ತಪ್ಪಿ ಆಗುವ ಗಂತಿಗೆ ಆ ಗ್ರೀಕ್ ಪದದಿಂದ ಹೆಸರಿಟ್ಟರು, ಆ ಗಂತಿಯ ಹೆಸರಿನಿಂದ ಪ್ರೋಟೀನಿಗೆ ಹೆಸರು ಬಂದಿತು. ಹಮಾರ್ಟಿಯಾ ಎಂದರೆ ಮೂಲದಲ್ಲಿ ಬಿಟ್ಟ ಬಾಣ ಗುರಿ ತಪ್ಪುವುದು. ದುರಂತ ನಾಟಕದ ನಾಯಕನು ದುಷ್ಟನಲ್ಲ, ಅವನಿಂದ ಒಂದು ತಪ್ಪು ನಡೆಯುತ್ತದೆ ಎಂದು ನಮ್ಮ ಅಧ್ಯಾಪಕರು ಹೇಳುವುದುಂಟು. ಕೋಶದ ಸಂಗತಿಯೂ ಹಾಗೆಯೇ. ಹೊತ್ತಿಗೆಯನ್ನು ನಕಲು ಮಾಡುವಾಗ ಗುರಿ ತಪ್ಪಿದ್ದೇ ಹೊರತು ಅದರಲ್ಲಿ ಯಾರ ಪೂರ್ವಜನ್ಮವೂ ಇಲ್ಲ. ಟ್ಯೂಬರಸ್ ಸ್ಕ್ಲೀರೋಸಿಸ್ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಆ ದೋಷ ತಂದೆತಾಯಿಗಳಿಂದ ಬಂದುದಲ್ಲ, ಹೊಸದಾಗಿಯೇ ಉಂಟಾದದ್ದು. ಮಗುವಿಗೆ ಮೂರ್ಛೆ ಬಂದರೆ ಗಾಳಿ ಸೋಕಿತೆನ್ನುವ, ಮೈಮೇಲಿನ ಮಚ್ಚೆಗೆ ತಾಯಿಯನ್ನು ಜರೆಯುವ ಮನೆಗಳಿಗೆ ಈ ಒಂದು ಸಂಗತಿ ತಿಳಿದರೂ ಸಾಕು.

ಇದನ್ನೆಲ್ಲ ಓದಿದ ಮೇಲೆ ನನ್ನ ಅವ್ವನಿಗೆ ವಿವರಿಸಿದೆ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ಆಕೆ. ಬಿತ್ತನೆಗೆಡ್ಡೆಯ ಹೋಳಿನ ಉದಾಹರಣೆ ಕೊಟ್ಟು ಹೇಳಿದಾಗ ಕೇಳಿಸಿಕೊಂಡು, “ಅಂಗಾರೆ ಮಗ, ಸಾಕು ಅನ್ನೋರು ಇಲ್ದೇ ಹೋದ್ರೆ ಈ ಕಾಯ್ಲೆ ಬತ್ತದೆ ಅನ್ನು. ಆ ಅಜ್ಜಿ ತಟ್ಟೆಯಾ ನಾವು ಸುಮ್ಸುಮ್ನೆ ಬ್ಯಾರೆ ಇಟ್ವಲ್ಲ” ಎಂದಳು. ಪದವಿಯ ಮೂರು ವರ್ಷಗಳಲ್ಲಿ ನಾನು ಬರೆದ ಯಾವ ಪರೀಕ್ಷೆಯ ಉತ್ತರಕ್ಕಿಂತಲೂ ಈ ಮಾತು ವಿಷಯವನ್ನು ಚೆನ್ನಾಗಿ ಹಿಡಿದಿದೆಯೆಂದು ನನಗನ್ನಿಸಿತು.

ಮದ್ದು ಮತ್ತು ನಮ್ಮ ಕರ್ತವ್ಯ

ಯಜಮಾನನಿಲ್ಲದ ಮನೆಯಲ್ಲಿ ಮೇಸ್ತ್ರಿಯ ಬಾಯಿ ಮುಚ್ಚಿಸಲು ಬೇರೆ ಉಪಾಯವಿದೆಯೆ? ಇದೆ. ಶಾಂತಸಾಗರದ ನಡುವಣ ಈಸ್ಟರ್ ದ್ವೀಪಕ್ಕೆ 1964ರಲ್ಲಿ ಹೋಗಿದ್ದ ಕೆನಡಾದ ತಂಡವೊಂದು ಅಲ್ಲಿಯ ಮಣ್ಣನ್ನು ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ರಾಪಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದ ಸಂಗತಿ 1975ರಲ್ಲಿ ಪ್ರಕಟವಾಯಿತು. ಅದರಲ್ಲಿ ದುಡಿದ ಪ್ರಮುಖರು ಅವಿಭಜಿತ ಭಾರತದ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್. ಅದು ಎಂ-ಟಾರ್ ಎಂಬ ಮೇಸ್ತ್ರಿಯನ್ನೇ ತಡೆಯುತ್ತದೆಂದು ಅನಂತರ ತಿಳಿಯಿತು. ಟಾರ್ ಎಂಬ ಹೆಸರು ಬಂದದ್ದೂ ಈ ಮದ್ದಿನಿಂದಲೇ. ಇದೇ ಕುಲಕ್ಕೆ ಸೇರಿದ ಎವರೊಲಿಮಸ್ ಎಂಬ ಮದ್ದನ್ನು ಟ್ಯೂಬರಸ್ ಸ್ಕ್ಲೀರೋಸಿಸ್‌ನ ಒಂದು ಬಗೆಯ ಮೆದುಳಿನ ಗಂತಿಗೆ ಬಳಸಲು 2010ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗಂತಿ ಕುಗ್ಗುತ್ತದೆ, ಆದರೆ ಮದ್ದನ್ನು ನಿಲ್ಲಿಸಿದರೆ ಮತ್ತೆ ಬೆಳೆಯುವುದುಂಟು. ಮೇಸ್ತ್ರಿಯ ಬಾಯಿಗೆ ಬಟ್ಟೆ ಕಟ್ಟಿದ ಮಾತ್ರಕ್ಕೆ ಯಜಮಾನನು ಹಿಂದಿರುಗಿದಂತಾಗುವುದಿಲ್ಲವಷ್ಟೆ.

ಬಾಯಿಯ ಏಡಿಗಂತಿಗೆ ಈಗಲೂ ಮುಖ್ಯ ಆಧಾರ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಔಷಧಗಳೇ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಗೆ ನಮ್ಮ ಜಿಲ್ಲೆಯಿಂದಲೂ ರೋಗಿಗಳು ಹೋಗುತ್ತಾರೆ. ಬೆಂಗಳೂರಿನ ಏಡಿಗಂತಿ ರೋಗಿಗಳ ಲೆಕ್ಕವನ್ನು 1982ರಿಂದ ಕ್ರಮವಾಗಿ ಇಡುತ್ತ ಬಂದಿರುವುದೂ ಅಲ್ಲಿಯೇ. ಆದರೆ ಚಿಕಿತ್ಸೆಯ ಫಲವು ರೋಗಿ ಯಾವಾಗ ಬಂದರೆಂಬುದನ್ನು ಅವಲಂಬಿಸಿದೆ. ಬೇಗ ಬಂದವರು ಗುಣವಾಗುವ ಸಂಭವ ಬಹಳ ಹೆಚ್ಚು; ತಡವಾಗಿ ಬಂದವರಿಗೆ ಬಹಳ ಕಡಿಮೆ. ಬಾಯಿಯು ನಾವೇ ಕನ್ನಡಿ ಹಿಡಿದು ನೋಡಿಕೊಳ್ಳಬಹುದಾದ ಜಾಗ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬರಬರುತ್ತ ಬಾಯಿ ಅಗಲಿಸಲಾಗದಿರುವುದು, ಕುತ್ತಿಗೆಯಲ್ಲಿ ಗಂಟು: ಇವುಗಳಲ್ಲಿ ಯಾವುದೊಂದು ಕಂಡರೂ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂದು ಕಾಯಬಾರದು, ಮೊದಮೊದಲು ನೋವಿರುವುದಿಲ್ಲ.

ವಿದ್ಯಾರ್ಥಿಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮಲ್ಲಿ ಹಲವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು. ಮನೆಯಲ್ಲಿ ಎಲೆಅಡಿಕೆಯ ಚೀಲವಿರುವ ಅಜ್ಜ ಅಜ್ಜಿಯರಿದ್ದಾರೆ. ಈ ವಾರ ಊರಿಗೆ ಹೋದಾಗ ಅವರನ್ನು ಬೆಳಕಿಗೆ ಕೂರಿಸಿ ಬಾಯಿ ತೆರೆಸಿ ನೋಡಿ. ಕಡ್ಡಿಪುಡಿಯ ಚೀಟಿಯನ್ನು ನಾವೇ ಜೇಬಿನಲ್ಲಿಟ್ಟುಕೊಂಡಿದ್ದರೆ ಅದನ್ನು ಇಂದೇ ಬಿಡೋಣ. ಮುಂದಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವ ಕೆಲಸದ ಜೊತೆಗೆ ಒಂದು ದಿನವನ್ನು ಬಾಯಿ ತಪಾಸಣೆಗೆಂದು ಮೀಸಲಿಟ್ಟು, ದಂತವೈದ್ಯರನ್ನು ಕರೆಸಬೇಕೆಂದು ಪೂಜ್ಯ ಅಧ್ಯಾಪಕರಲ್ಲಿ ಬಿನ್ನವಿಸುತ್ತೇನೆ. ಹಳ್ಳಿಯವರಿಗೆ ತಿಳಿಸಿ ಹೇಳುವ ಕೆಲಸವನ್ನು ಕಲಾ ವಿಭಾಗದವರಾದ ನಾವು ವಹಿಸಿಕೊಳ್ಳುತ್ತೇವೆ.